ಪಂಜರದ ಕಾಳಾಂಜಿ ಎಲ್ಲವೂ ಗಂಡು! ಮರಿ ಕೊಟ್ಟವರು ಹಾರ್ಮೋನು ತಿನ್ನಿಸಿ ಕಳಿಸಿದರಾ?

ಶಿರಿಯ ಹೊಳೆಬದಿ:
ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಭಾವನೂ ಸೇರಿ ಹೊಳೆಯಲ್ಲಿ ಸಣ್ಣ ಒಂದು ಪಂಜರ ಹಾಕಿ ಕಾಳಾಂಜಿ ಸಾಕುತ್ತಾ ಇದ್ದೇವೆ. ಸೀಬಾಸ್ ಅಂತಾರಲ್ಲ, ಅದೇ. ಮರಿ ಹಾಕಿ ಒಂದೂವರೆ ವರ್ಷ ಆಯಿತು, ಈಗ ಒಂದೂವರೆಯಿಂದ ಎರಡು ಕಿಲೋ ತೂಗುತ್ತವೆ. ಮನೆಗೆ, ನೆಂಟರಿಗೆ ಅಂತ ಈವರೆಗೆ ಇಪ್ಪತ್ತರ ಮೇಲೆ ಕೊಯ್ದಾಗಿದೆ. ಒಂದರಲ್ಲೂ ಮೊಟ್ಟೆ ಇಲ್ಲ. ಹೊಟ್ಟೆಯೊಳಗೆ ಬಿಳಿ ದಾರದ ಹಾಗೆ ಎರಡು ಎಳೆ, ಅಷ್ಟೇ.

ಭಾವನ ಲೆಕ್ಕ ಹೀಗೆ: "ತಿಲಾಪಿಯಾಕ್ಕೆ ಮಾಡುವ ಹಾಗೆ ಹಾರ್ಮೋನು ತಿನ್ನಿಸಿ ಎಲ್ಲವನ್ನೂ ಗಂಡು ಮಾಡಿ ಕಳಿಸಿದ್ದಾರೆ. ನಾವು ಮರಿ ಮಾಡಿಕೊಳ್ಳಬಾರದು, ಪ್ರತಿ ಸಲ ಅವರ ಹತ್ತಿರವೇ ಹೋಗಬೇಕು." ಮರಿ ಕೊಟ್ಟವನಿಗೆ ಮೊನ್ನೆ ಫೋನ್ ಮಾಡಿ ಚೆನ್ನಾಗಿ ಬೈದೂ ಬಿಟ್ಟಿದ್ದಾನೆ. ಈಗ ನನ್ನ ಹೆಂಡತಿ ಮಕ್ಕಳಿಗೆ ಈ ಮೀನು ಬಡಿಸುವುದಿಲ್ಲ ಅಂತ ಕೂತಿದ್ದಾಳೆ. ಗೊತ್ತಿದ್ದವರು ಹೇಳಿ ಮಾರ್ರೆ.

ಕಡಪ್ಪುರದ ಅಕ್ಕ:
ಮೂವತ್ತು ವರ್ಷ ಆಯಿತು ನಾನು ಮೀನು ಮಾರುವುದು. ಸಣ್ಣ ಕಾಳಾಂಜಿಯಲ್ಲಿ ಮೊಟ್ಟೆ ಸಿಗುವುದು ಅಪರೂಪ. ಮೊಟ್ಟೆ ಬೇಕಾದರೆ ಎತ್ತಲಿಕ್ಕೆ ಇಬ್ಬರು ಬೇಕಾಗುವಷ್ಟು ದೊಡ್ಡದನ್ನು ಕೊಯ್ಯಬೇಕು. ಮುರು ಮೀನಿನಲ್ಲಿ, ಗ್ರೂಪರ್ ಅಂತಾರಲ್ಲ, ಅದರಲ್ಲಿ ಇದರ ಉಲ್ಟಾ. ಸಣ್ಣದ್ದರಲ್ಲೇ ಮೊಟ್ಟೆ, ಭಾರೀ ದೊಡ್ಡ ಮುರುವಿನಲ್ಲಿ ಮೊಟ್ಟೆ ಕಂಡ ನೆನಪಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ, ಮೀನೂ ಹೇಳಲಿಲ್ಲ.

ಪೆರ್ಲದ ಮಾಷ್ಟ್ರು:
ಅಕ್ಕನ ಮಾತಿನಲ್ಲಿ ಉತ್ತರ ಬಂದಾಯಿತು, ನಾನು ವಿವರಿಸುವುದು ಮಾತ್ರ. ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು, ಆದ್ದರಿಂದ ಉದ್ದ ಆದರೆ ಸಹಿಸಿಕೊಳ್ಳಿ.

ಹೊಳೆಬದಿಯವರೇ, ನಿಮಗೆ ಯಾರೂ ಮೋಸ ಮಾಡಲಿಲ್ಲ. ಕಾಳಾಂಜಿ, ಅಂದರೆ ಲೇಟಿಸ್ ಕ್ಯಾಲ್ಕರಿಫರ್, ಮೊದಲು ಗಂಡಾಗಿ ಬಲಿಯುವ ಮೀನು. ಕೆಲವು ವರ್ಷ ಗಂಡಾಗಿದ್ದು ಆಮೇಲೆ ಅದೇ ಮೀನು ಹೆಣ್ಣಾಗುತ್ತದೆ. ಆಸ್ಟ್ರೇಲಿಯಾದ ಉತ್ತರ ಕರಾವಳಿಯಲ್ಲಿ ನೋಡಿದ ಪ್ರಕಾರ 3-4 ವರ್ಷಕ್ಕೆ ಗಂಡಾಗಿ ಬಲಿತು, ಆರೇಳು ವರ್ಷದ ಹೊತ್ತಿಗೆ, ಉದ್ದ 80ರಿಂದ 100 ಸೆಂಟಿಮೀಟರಿನ ಆಸುಪಾಸಿಗೆ ಬಂದಾಗ ಬದಲಾಗುತ್ತದೆ. ನಮ್ಮ ಏಷ್ಯಾದ ಮೀನು ಸ್ವಲ್ಪ ಬೇಗ. ಇಲ್ಲಿ ಕೆಲವು ಮೀನು ಗಂಡಿನ ಹಂತವನ್ನೇ ಹಾಯದೆ ನೇರ ಹೆಣ್ಣಾಗುವುದೂ ಉಂಟು. ಏನೇ ಇದ್ದರೂ ಒಂದೂವರೆ ವರ್ಷದ ಮೀನಿನಲ್ಲಿ ಮೊಟ್ಟೆ ಹುಡುಕುವುದು ನೆಟ್ಟ ವರ್ಷವೇ ಅಡಿಕೆ ಕೊಯ್ಯಲು ಏಣಿ ತಂದ ಹಾಗೆ.

ಮುರು, ಗಲ್ಫಿನವರ ಹಮೂರ್, ಮೊದಲು ಹೆಣ್ಣು, ದೊಡ್ಡದಾದ ಮೇಲೆ ಗಂಡು. ಹೀಗೆ ಒಂದೇ ಜನ್ಮದಲ್ಲಿ ಎರಡೂ ಆಗುವ, ಇಲ್ಲವೇ ಒಟ್ಟಿಗೇ ಎರಡೂ ಆಗಿರುವ ಮೀನುಗಳಿಗೆ ಉಭಯಲಿಂಗಿ ಎನ್ನುತ್ತೇವೆ. ಜಗತ್ತಿನಲ್ಲಿ ಗೊತ್ತಿರುವ ಮೀನಿನ ಜಾತಿ 34,000ಕ್ಕೂ ಹೆಚ್ಚು, ಅದರಲ್ಲಿ ಇಂಥವು 450ಕ್ಕೂ ಮಿಕ್ಕಿ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇದು ಸಹಜ ಬದುಕಿನ ಕ್ರಮವೇ ಆಗಿರುವುದು ಮೀನುಗಳಲ್ಲಿ ಮಾತ್ರ.

ಬಣ್ಣದ ವೇಷ:
ಇದು ನಮಗೆ ಹೊಸತಾ ಮಾಷ್ಟ್ರೇ? ಪಾರ್ತಿಸುಬ್ಬನ ಊರು ಕುಂಬಳೆಯಲ್ಲಿ ಹುಟ್ಟಿದವನು ನಾನು. ಯಕ್ಷಗಾನ ಮೇಳದಲ್ಲಿ ಎಷ್ಟು ಜನ ಹಾಗೆ! ಹದಿನೆಂಟು ವರ್ಷಕ್ಕೆ ದಮಯಂತಿ, ಹೊಟ್ಟೆ ಬಂದ ಮೇಲೆ ಮಹಿಷಾಸುರ. ಮುರು ಮೀನು ಅಪ್ಪಟ ತೆಂಕುತಿಟ್ಟು. ಕಾಳಾಂಜಿ ಮಾತ್ರ ಮಹಿಷಾಸುರನಾಗಿ ಶುರು ಮಾಡಿ ದಮಯಂತಿಯಾಗಿ ನಿವೃತ್ತಿ ಆಗುವುದು, ಆ ಮೇಳವನ್ನು ನಾನು ನೋಡಿಲ್ಲ.

ಪೆರ್ಲದ ಮಾಷ್ಟ್ರು:
ಹೋಲಿಕೆ ಚಂದ ಉಂಟು. ಒಂದು ತಿದ್ದುಪಡಿ: ವೇಷಧಾರಿ ಚೌಕಿಗೆ ಬಂದು ಬಣ್ಣ ತೆಗೆಯುತ್ತಾನೆ. ಮೀನಿನಲ್ಲಿ ಒಳಗಿನ ಅಂಗವೇ ಕರಗಿ ಇನ್ನೊಂದಾಗುತ್ತದೆ. ಮುರುವಿನ ಅಂಡಾಶಯದಲ್ಲಿ ಮೊಟ್ಟೆಯ ಕೋಶಗಳು ಸಾಯುತ್ತಾ ಬಂದು, ಅದೇ ಜಾಗದಲ್ಲಿ ವೀರ್ಯ ತಯಾರಿಸುವ ಅಂಗಾಂಶ ಬೆಳೆಯುತ್ತದೆ. ನಡು ಹಂತದಲ್ಲಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಅಕ್ಕಪಕ್ಕ ಕಾಣುತ್ತವೆ.

ಉಪ್ಪಳದ ದುಬೈಕಾರ:
ಹಮೂರ್ ವಿಷಯ ಬಂತಲ್ಲ, ನಾನು ದೇರಾ ಮಾರ್ಕೆಟಿನಲ್ಲಿ ಹನ್ನೊಂದು ವರ್ಷ ಮೀನು ಕೊಯ್ದವನು. ದೊಡ್ಡದು ಗಂಡು ಅಂತ ಅಲ್ಲಿನ ಹಳೆಯ ಅರಬಿಗಳಿಗೂ ಗೊತ್ತುಂಟು. ನನ್ನ ಪ್ರಶ್ನೆ ಬೇರೆ. ಇಷ್ಟು ದೊಡ್ಡದಾದೆ, ಇನ್ನು ಬದಲಾಗಬೇಕು ಅಂತ ಮೀನಿಗೆ ಹೇಳುವುದು ಯಾರು? ಹಾರ್ಮೋನು ಅಂತೀರಿ. ಆ ಹಾರ್ಮೋನಿಗೆ ಹೇಳುವುದು ಯಾರು?

ಮುಳ್ಳೇರಿಯದ ಹುಡುಗಿ:
ದುಬೈಯ ಇಚ್ಚ (ಅಣ್ಣ) ಕೇಳಿದ ಪ್ರಶ್ನೆಗೇ ಜನ ಐವತ್ತು ವರ್ಷದಿಂದ ಬೆನ್ನು ಹತ್ತಿರುವುದು. ನಾನು ಮೀನಿನ ಶರೀರಕ್ರಿಯೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ, ಸದ್ಯ ಊರಲ್ಲಿಲ್ಲ. ಮೊದಲು ಹಾರ್ಮೋನಿನ ಒಳಗುಟ್ಟು ಹೇಳುತ್ತೇನೆ, ಆಮೇಲೆ ಅದಕ್ಕೆ ಹೇಳುವವರು ಯಾರು ಅಂತ.

ಟೆಸ್ಟೊಸ್ಟಿರೋನ್ ಗಂಡಿನದು, ಈಸ್ಟ್ರೋಜನ್ ಹೆಣ್ಣಿನದು ಅಂತ ನಾವೆಲ್ಲ ಕಲಿತಿದ್ದೇವೆ. ಮೀನಿನಲ್ಲಿ ಅದು ಅರ್ಧ ಸರಿ. ಹೆಣ್ಣು ಮೀನಿನಲ್ಲೂ ಟೆಸ್ಟೊಸ್ಟಿರೋನ್ ಧಾರಾಳ ಇರುತ್ತದೆ, ಯಾಕೆಂದರೆ ಈಸ್ಟ್ರೋಜನ್ ತಯಾರಾಗುವುದೇ ಅದರಿಂದ. ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ತೆಂಗಿನ ಹೊಂಬಾಳೆಯಿಂದ ಇಳಿಸುವ ಕಲ್ಪರಸ ಉಂಟಲ್ಲ? ಕುದಿಸಿದರೆ ಬೆಲ್ಲ. ಹುಳಿಯಲು ಬಿಟ್ಟರೆ ಕಳ್ಳು. ರಸ ಒಂದೇ. ಮೀನಿನ ಒಳಗೆ ಆ ರಸದ ಜಾಗದಲ್ಲಿ ಟೆಸ್ಟೊಸ್ಟಿರೋನ್ ಇದೆ. ಅರೊಮಾಟೇಸ್ ಅನ್ನುವ ಕಿಣ್ವ ಅದನ್ನು ಹಿಡಿದರೆ ಈಸ್ಟ್ರಾಡಯೋಲ್ ಎಂಬ ಈಸ್ಟ್ರೋಜನ್ ಆಗುತ್ತದೆ, ಅಂಡಾಶಯ ಅಂಡಾಶಯವಾಗಿ ಉಳಿಯುತ್ತದೆ. ಬೇರೆ ಎರಡು ಕಿಣ್ವಗಳು ಹಿಡಿದರೆ 11-ಕೀಟೋಟೆಸ್ಟೊಸ್ಟಿರೋನ್. ಮೀನುಗಳಲ್ಲಿ ಗಂಡುತನದ ಮುಖ್ಯ ಹಾರ್ಮೋನು ಇದು, 1960ರಲ್ಲಿ ಸಾಲ್ಮನ್ ಮೀನಿನ ರಕ್ತದಿಂದ ಬೇರ್ಪಡಿಸಿ ಗುರುತಿಸಿದರು.

ಇದರಲ್ಲಿ ನನಗೆ ಇವತ್ತಿಗೂ ಆಶ್ಚರ್ಯ ಆಗುವುದು ಒಂದು ಸಂಗತಿ. ಮುರು ಮೀನು ಹೆಣ್ಣಾಗಿರಬೇಕಾದರೆ ಅರೊಮಾಟೇಸ್ ದಿನಾ ಕೆಲಸಕ್ಕೆ ಬರಬೇಕು. ಹೆಣ್ಣಾಗಿ ಹುಟ್ಟಿದೆ, ಇನ್ನು ನಿಶ್ಚಿಂತೆ ಅಂತ ಇಲ್ಲ. ಆ ಕಿಣ್ವ ರಜೆ ಹಾಕಿತೋ, ಒಳಗೆ ಕಾಯುತ್ತಿದ್ದ ಗಂಡಿನ ಜೀನುಗಳು ತಲೆ ಎತ್ತುತ್ತವೆ. ಫಾಕ್ಸ್‌ಎಲ್2 ಅನ್ನುವ ಜೀನು ಅರೊಮಾಟೇಸಿನ ಪರ, ಡಿಎಮ್‌ಆರ್‌ಟಿ1 ಅನ್ನುವುದು ವಿರೋಧ. ಮೀನು ಬದುಕಿರುವಷ್ಟು ದಿನ ಇಬ್ಬರದೂ ಹಗ್ಗ ಜಗ್ಗಾಟ.

ಓಕಿನಾವಾದಲ್ಲಿ ಜೇನುಗೂಡಿನಂಥ ಚುಕ್ಕೆಯ ಒಂದು ಸಣ್ಣ ಮುರುವಿನ ಮೇಲೆ ಇದನ್ನು ಪರೀಕ್ಷೆ ಮಾಡಿದ್ದಾರೆ. ಅರೊಮಾಟೇಸನ್ನು ತಡೆಯುವ ಫಾಡ್ರೊಝೋಲ್ ಅನ್ನುವ ಔಷಧಿಯನ್ನು ಹೆಣ್ಣುಗಳಿಗೆ ಕೊಟ್ಟರು. ಗಂಡು ಹಾರ್ಮೋನು ಕೊಡಲೇ ಇಲ್ಲ, ಹೆಣ್ಣು ಹಾರ್ಮೋನು ತಯಾರಾಗದ ಹಾಗೆ ಮಾಡಿದರು ಅಷ್ಟೇ. ಮೀನುಗಳು ಪೂರ್ತಿ ಗಂಡಾದವು, ವೀರ್ಯವೂ ಬಂತು. 2004ರಲ್ಲಿ ಪ್ರಕಟವಾದ ಕೆಲಸ ಅದು.

ಕಾಳಾಂಜಿಯಲ್ಲಿ ನಡೆ ತಿರುಗಾಮುರುಗಾ. ಮೊಟ್ಟೆ ಬಿಡುವ ಋತು ಮುಗಿದ ಮೇಲೆ 11-ಕೀಟೋ ಇಳಿದು ಅರೊಮಾಟೇಸ್ ಮೇಲೇರುತ್ತದೆ. ಕೆಲವೇ ವಾರಗಳ ಕೆಲಸ, ಅದಕ್ಕೇ ನಡು ಹಂತದ ಕಾಳಾಂಜಿ ಬಲೆಗೆ ಬೀಳುವುದು ಅಪರೂಪ.

ಬದಿಯಡ್ಕದ ಸೊಸೆ:
ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಅರೊಮಾಟೇಸ್ ತಡೆಯುವ ಔಷಧಿ ಅಂದಿರಲ್ಲ. ನನ್ನ ಅತ್ತೆಗೆ ಎದೆಯ ಕ್ಯಾನ್ಸರಿನ ಆಪರೇಷನ್ ಆದ ಮೇಲೆ ದಿನಾ ಒಂದು ಲೆಟ್ರೊಝೋಲ್ ಮಾತ್ರೆ ಕೊಡುತ್ತೇನೆ. ಅದರ ಚೀಟಿಯಲ್ಲೂ ಇದೇ ಹೆಸರು ನೋಡಿದ ಹಾಗಿದೆ. ಅದೂ ಇದೂ ಒಂದೇ ಜಾತಿಯದ್ದಾ?

ಮುಳ್ಳೇರಿಯದ ಹುಡುಗಿ:
ಹೌದಕ್ಕ, ಒಂದೇ ಗುಂಪು. ಮುಟ್ಟು ನಿಂತ ಮೇಲೂ ಹೆಂಗಸರ ಕೊಬ್ಬಿನ ಅಂಗಾಂಶದಲ್ಲಿ ಅರೊಮಾಟೇಸ್ ಸ್ವಲ್ಪ ಸ್ವಲ್ಪ ಈಸ್ಟ್ರೋಜನ್ ಮಾಡುತ್ತಾ ಇರುತ್ತದೆ. ಕೆಲವು ಬಗೆಯ ಎದೆ ಕ್ಯಾನ್ಸರಿಗೆ ಅದೇ ಗೊಬ್ಬರ. ಮಾತ್ರೆ ಆ ಗೊಬ್ಬರ ನಿಲ್ಲಿಸುತ್ತದೆ. ಅತ್ತೆಗೆ ಮೀನಿನ ಹಾಗೆ ಏನೂ ಆಗುವುದಿಲ್ಲ, ಹೆದರಬೇಡಿ! ಸಸ್ತನಿಗಳ ಅಂಡಾಶಯಕ್ಕೆ ಆ ಸಲೀಸು ಇಲ್ಲ. ಮಾತ್ರೆ ಮಾತ್ರ ಡಾಕ್ಟರು ಹೇಳಿದಷ್ಟು ದಿನ ತಪ್ಪಿಸಬೇಡಿ.

ಉಪ್ಪಳದ ದುಬೈಕಾರ:
ಹೇಳುವವರು ಯಾರು ಅನ್ನುವುದು ಇನ್ನೂ ಬರಲಿಲ್ಲ ತಂಗಿ.

ಮುಳ್ಳೇರಿಯದ ಹುಡುಗಿ:
ಬಂದೆ ಇಚ್ಚ. ಎಷ್ಟೋ ಜಾತಿಗಳಲ್ಲಿ ಹೇಳುವುದು ಅಕ್ಕಪಕ್ಕದ ಮೀನುಗಳು.

ಬೇರೆ ಮೀನುಗಳ ಮೈಮೇಲಿನ ಹುಳ ತಿಂದು ಬದುಕುವ ಒಂದು ಸಣ್ಣ ಮೀನಿದೆ, ಕ್ಲೀನರ್ ರಾಸ್ ಅಂತ. ಲಕ್ಷದ್ವೀಪದ ಹವಳದ ಬಂಡೆಗಳಲ್ಲೂ ಇದೆ. ಒಂದು ಗಂಡು, ಅದರ ಕೆಳಗೆ ದರ್ಜೆಯ ಪ್ರಕಾರ ನಾಲ್ಕೈದು ಹೆಣ್ಣು. ರಾಬರ್ಟ್‌ಸನ್ ಎಂಬ ವಿಜ್ಞಾನಿ 1972ರಲ್ಲಿ ತೋರಿಸಿದ್ದು: ಆ ಗಂಡನ್ನು ತೆಗೆದರೆ ಹೆಣ್ಣುಗಳಲ್ಲಿ ಹಿರಿಯಳು ಗಂಟೆಗಳೊಳಗೆ ಗಂಡಿನ ಗತ್ತು ತೋರಿಸಲು ಶುರು ಮಾಡುತ್ತಾಳೆ, ಕೆಲವು ವಾರದಲ್ಲಿ ವೀರ್ಯವೂ ಬರುತ್ತದೆ. ಗಂಡು ಬದುಕಿರುವಷ್ಟು ದಿನ ಅದರ ದಬ್ಬಾಳಿಕೆಯೇ ಉಳಿದವರನ್ನು ಹೆಣ್ಣಾಗಿ ಇಟ್ಟಿರುತ್ತದೆ.

ಕೆರಿಬಿಯನ್ ಸಮುದ್ರದಲ್ಲಿ ಇದರ ಸಂಬಂಧಿ ಒಂದಿದೆ, ನೀಲಿ ತಲೆಯ ರಾಸ್. ಅದರಲ್ಲಿ ಬದಲಾವಣೆ ಪೂರ್ತಿ ಮುಗಿಯಲು ಎಂಟು ಹತ್ತು ದಿನ ಸಾಕು. 1996ರಲ್ಲಿ ಗಾಡ್ವಿನ್ ಮತ್ತು ಜೊತೆಯವರು ಹೆಣ್ಣುಗಳ ಅಂಡಾಶಯವನ್ನೇ ಶಸ್ತ್ರಕ್ರಿಯೆ ಮಾಡಿ ತೆಗೆದು ಬಂಡೆಗೆ ವಾಪಸ್ ಬಿಟ್ಟರು. ದೊಡ್ಡ ಗಂಡುಗಳನ್ನು ಅಲ್ಲಿಂದ ತೆಗೆದಾಗ ಈ ಅಂಡಾಶಯವಿಲ್ಲದ ಹೆಣ್ಣುಗಳೂ ಗಂಡಿನ ಹಾಗೆ ವರ್ತಿಸಿದವು, ಬೇರೆ ಹೆಣ್ಣುಗಳನ್ನು ಕರೆದವು. ಅಂದರೆ ವರ್ತನೆ ಬದಲಾಗಲು ಅಂಡಾಶಯದ ಹಾರ್ಮೋನಿಗೆ ಕಾಯಬೇಕಿಲ್ಲ. ಕಣ್ಣು ನೋಡುತ್ತದೆ, ದೊಡ್ಡವನು ಇಲ್ಲ ಅಂತ ಮೆದುಳು ತೀರ್ಮಾನಿಸುತ್ತದೆ. ಮೆದುಳಿನ ಹೈಪೊಥಲಾಮಸ್ ಭಾಗದಿಂದ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿಯಿಂದ ಅಂಡಾಶಯಕ್ಕೆ ಸಂದೇಶ ಹೋಗುತ್ತದೆ, ಅಲ್ಲಿ ಅರೊಮಾಟೇಸ್ ಕುಸಿಯುತ್ತದೆ. ಒತ್ತಡದ ಹಾರ್ಮೋನು ಕಾರ್ಟಿಸೋಲಿಗೂ ಇದರಲ್ಲಿ ಕೈ ಇರುವ ಹಾಗೆ ಕಾಣುತ್ತದೆ. ಕಾರ್ಟಿಸೋಲನ್ನು ತಣ್ಣಗೆ ಮಾಡುವ ಒಂದು ಕಿಣ್ವವೇ 11-ಕೀಟೋ ತಯಾರಿಯ ಕೊನೆಯ ಮೆಟ್ಟಿಲೂ ಹೌದು. ಆ ಒಂದು ಕಿಣ್ವಕ್ಕೆ ಎರಡು ಮನೆಯ ಚಾಕರಿ.

ಸಮುದ್ರ ಹೂವಿನೊಳಗೆ ಇರುವ ಕಿತ್ತಳೆ ಪಟ್ಟೆಯ ಕ್ಲೌನ್ ಮೀನಿನಲ್ಲಿ ಯಜಮಾನಿ ಹೆಣ್ಣು. ಅವಳು ಸತ್ತರೆ ಗಂಡನೇ ಹೆಣ್ಣಾಗುತ್ತಾನೆ, ಮೂರನೆಯವನಿಗೆ ಗಂಡಿನ ಸ್ಥಾನಕ್ಕೆ ಬಡ್ತಿ. ಇದರಲ್ಲಿಯೂ ಮೊದಲು ಮೆದುಳು ಹೆಣ್ಣಾಗುತ್ತದೆ, ಅಂಡಾಶಯ ಎಷ್ಟೋ ತಿಂಗಳ ಮೇಲೆ.

ಕಾಳಾಂಜಿಗೆ ಮಾತ್ರ ಇಂಥ ಸಂಸಾರ ಇಲ್ಲ, ಅದು ಗುಂಪಿನಲ್ಲಿ ಮೊಟ್ಟೆ ಬಿಡುವ ಮೀನು. ಅದಕ್ಕೆ ಪ್ರಾಯ ಮತ್ತು ಗಾತ್ರದ್ದೇ ಲೆಕ್ಕ.

ಬಣ್ಣದ ವೇಷ:
ಯಜಮಾನ ಮೇಳ ಬಿಟ್ಟ ದಿನವೇ ಎರಡನೇ ವೇಷದವನ ಸ್ವರ ಬದಲಾಗುವುದನ್ನು ನಾನೂ ನೋಡಿದ್ದೇನೆ. ಗಂಟೆಗಳೂ ಬೇಕಾಗಲಿಲ್ಲ.

ಎಣ್ಮಕಜೆಯವ:
ನೀವೆಲ್ಲ ನಗುತ್ತಾ ಇದ್ದೀರಿ, ನನಗೆ ಈ ಹಾರ್ಮೋನು ಅನ್ನುವ ಶಬ್ದ ಕೇಳಿದರೆ ನಗು ಬರುವುದಿಲ್ಲ. ಗುಡ್ಡದ ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಚೆಲ್ಲಿದ್ದನ್ನು ನಾನು ಶಾಲೆಯ ಅಂಗಳದಿಂದ ನೋಡಿದವನು. ಮಾರನೆಯ ದಿನ ತೋಡಿನಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಅದೂ ಹಾರ್ಮೋನು ಕೆಡಿಸುವ ವಿಷ ಅಂತ ಆಮೇಲೆ ಓದಿದೆ. ಹಾಗಾದರೆ ಈ ಗಂಡು ಹೆಣ್ಣಾಗುವುದು, ಹೆಣ್ಣು ಗಂಡಾಗುವುದು ಇಂಥ ವಿಷದಿಂದ ಅಲ್ಲ ಅಂತ ಹೇಗೆ ಹೇಳುತ್ತೀರಿ?

ಪೆರ್ಲದ ಮಾಷ್ಟ್ರು:
ನಿಮ್ಮ ಪ್ರಶ್ನೆ ನ್ಯಾಯವಾದದ್ದು. ನಾನೂ ಆ ಕಡೆಯವನೇ, ನನ್ನ ತರಗತಿಯಲ್ಲಿ ಕೂತ ಮಕ್ಕಳಲ್ಲಿ ಆ ಊರಿನವರು ಇದ್ದರು.

ನಿಮ್ಮ ಪಂಚಾಯತಿನ ಪಡ್ರೆ ಗ್ರಾಮದ 10ರಿಂದ 19 ವರ್ಷದ ಗಂಡುಮಕ್ಕಳನ್ನು ಪರೀಕ್ಷಿಸಿದ ಅಧ್ಯಯನ ಒಂದು 2003ರಲ್ಲಿ ಹೊರಬಂತು. ವಿಷ ತಾಗದ ಊರಿನ ಮಕ್ಕಳ ಜೊತೆ ಹೋಲಿಸಿದಾಗ ಇವರಲ್ಲಿ ಪ್ರಾಯಕ್ಕೆ ಬರುವುದು ತಡವಾಗಿತ್ತು. ಎಂಡೋಸಲ್ಫಾನ್ ಟೆಸ್ಟೊಸ್ಟಿರೋನ್ ತಯಾರಿಗೆ ಅಡ್ಡಿ ಮಾಡುತ್ತಿರಬಹುದು ಎಂದು ಅದು ಹೇಳಿತು. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಅಷ್ಟು ಹೊತ್ತಿಗೆ ಆಗುವುದೆಲ್ಲ ಆಗಿತ್ತು.

ವಿಷ ಮೀನಿನ ಲಿಂಗವನ್ನೂ ಕೆಡಿಸುತ್ತದೆ, ಇದು ಸಾಬೀತಾದ ಮಾತು. ಇಂಗ್ಲೆಂಡಿನ ನದಿಗಳಲ್ಲಿ ಚರಂಡಿ ನೀರಿನ ಜೊತೆ ಬಂದ ಈಸ್ಟ್ರೋಜನಿನಿಂದ ರೋಚ್ ಎಂಬ ಮೀನಿನ ಗಂಡುಗಳ ವೃಷಣದಲ್ಲಿ ಮೊಟ್ಟೆ ಕಾಣಿಸಿತು. ಕೆನಡಾದಲ್ಲಿ 2001ರಿಂದ ಮೂರು ವರ್ಷ ಒಂದು ಸರೋವರಕ್ಕೆ ಗರ್ಭನಿರೋಧಕ ಗುಳಿಗೆಯಲ್ಲಿರುವ ಈಸ್ಟ್ರೋಜನನ್ನು ಬೇಕೆಂದೇ ಹಾಕಿ ನೋಡಿದರು, ಲೀಟರಿಗೆ 5-6 ನ್ಯಾನೊಗ್ರಾಂ. ಅಲ್ಲಿನ ಒಂದು ಸಣ್ಣ ಮೀನಿನ ಸಂತತಿ ಹೆಚ್ಚುಕಡಿಮೆ ನಿರ್ನಾಮ ಆಯಿತು.

ಆದರೆ ರೋಚ್ ಮೀನು ಉಭಯಲಿಂಗಿ ಅಲ್ಲ. ಅದರಲ್ಲಿ ಆದದ್ದು ಕೆಡುಕು: ಅರೆಬರೆ ಅಂಗ, ಸಂತಾನಕ್ಕೂ ಕುತ್ತು. ಕಾಳಾಂಜಿ, ಮುರುಗಳಲ್ಲಿ ಬದಲಾವಣೆ ವಯಸ್ಸಿಗೆ ಸರಿಯಾಗಿ ಬರುತ್ತದೆ, ಮುಗಿದ ಮೇಲೆ ಮೀನು ಮೊದಲಿಗಿಂತ ಹೆಚ್ಚು ಮರಿಗಳಿಗೆ ತಾಯಿಯೋ ತಂದೆಯೋ ಆಗುತ್ತದೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ನಿಮ್ಮ ಊರಿಗೆ ಆದ ಅನ್ಯಾಯವೇ ಸಣ್ಣದಾಗಿ ಕಾಣುತ್ತದೆ.

ಎಣ್ಮಕಜೆಯವ:
ಸರಿ ಮಾಷ್ಟ್ರೇ. ಅಷ್ಟು ಬಿಡಿಸಿ ಹೇಳಿದ್ದಕ್ಕೆ ಆಯಿತು.

ಮಂಜೇಶ್ವರ ಎಕ್ಸ್‌ಪ್ರೆಸ್:
ತಿಲಾಪಿಯಾಕ್ಕೆ ಹಾರ್ಮೋನು ಕೊಡುವುದು ಸುಳ್ಳಾ ಹಾಗಾದರೆ? ವಾಟ್ಸಾಪಿನಲ್ಲಿ ವಿಡಿಯೋ ಬಂದಿತ್ತು, ತಿಂದರೆ ಗಂಡಸರಿಗೆ ಎದೆ ಬರುತ್ತದಂತೆ.

ಮುಳ್ಳೇರಿಯದ ಹುಡುಗಿ:
ಕೊಡುವುದು ನಿಜ, ವಿಡಿಯೋ ಸುಳ್ಳು. ಕೊಡುವುದು ಗಂಡು ಹಾರ್ಮೋನು, ಅದೂ ಮರಿಯಾಗಿರುವಾಗ ಮಾತ್ರ. ತಿಲಾಪಿಯಾ ಕೆರೆಯಲ್ಲಿ ವಿಪರೀತ ಮರಿ ಹಾಕುತ್ತದೆ, ಆಮೇಲೆ ಯಾವುದೂ ದೊಡ್ಡದಾಗುವುದಿಲ್ಲ. ಅದಕ್ಕೆ ಮರಿ ಬೆರಳಿನ ಉಗುರಿನಷ್ಟು ಇರುವಾಗಲೇ, ಒಳಗಿನ ಅಂಗ ಇನ್ನೂ ಗಟ್ಟಿಯಾಗುವ ಮೊದಲೇ, ಮೀಥೈಲ್ ಟೆಸ್ಟೊಸ್ಟಿರೋನ್ ಬೆರೆಸಿದ ಆಹಾರ ಕೊಡುತ್ತಾರೆ. ಕಿಲೋ ಆಹಾರಕ್ಕೆ ಸಾಮಾನ್ಯ 60 ಮಿಲಿಗ್ರಾಂ, 3-4 ವಾರ, ಅಷ್ಟಕ್ಕೆ ನಿಲ್ಲಿಸುತ್ತಾರೆ. ಮಾರುಕಟ್ಟೆಗೆ ಬರುವುದು ತಿಂಗಳುಗಟ್ಟಲೆ ಕಳೆದ ಮೇಲೆ, ಅಷ್ಟರಲ್ಲಿ ಅದು ಮೈಯಿಂದ ಹೋಗಿರುತ್ತದೆ. ನನಗೆ ಚಿಂತೆ ಇರುವುದು ಆ ತೊಟ್ಟಿಯ ನೀರನ್ನು ಹೊಳೆಗೆ ಬಿಡುವ ವಿಷಯದಲ್ಲಿ, ಮತ್ತು ಕೈಗವಸು ಇಲ್ಲದೆ ಆಹಾರ ಕಲಸುವ ಕೆಲಸದವರ ವಿಷಯದಲ್ಲಿ. ಅದರ ವಿಡಿಯೋ ಯಾರೂ ಮಾಡುವುದಿಲ್ಲ.

ಹೊಳೆಬದಿ ಅಣ್ಣನ ಕಾಳಾಂಜಿಗೆ ಇದನ್ನು ಕೊಟ್ಟರೆ ದುಡ್ಡು ದಂಡ. ಅದು ಹೇಗಿದ್ದರೂ ಗಂಡಾಗಿಯೇ ಶುರು. ಅತ್ತಿಗೆಗೆ ಧೈರ್ಯವಾಗಿ ಬಡಿಸಲು ಹೇಳಿ.

ಶಿರಿಯ ಹೊಳೆಬದಿ:
ಸಮಾಧಾನ ಆಯಿತು. ಈಗ ಭಾವನ ಹೊಸ ಪ್ಲಾನ್: ಹಾಗಾದರೆ ನಾವೇ ಈಸ್ಟ್ರೋಜನ್ ಕೊಟ್ಟು ನಾಲ್ಕನ್ನು ಹೆಣ್ಣು ಮಾಡಿ, ಮರಿ ಮಾಡಿ ಮಾರಬಾರದಾ?

ಮುಳ್ಳೇರಿಯದ ಹುಡುಗಿ:
ಭಾವನವರಿಗೆ ನನ್ನ ನಮಸ್ಕಾರ ಹೇಳಿ. ಆಗುವುದಿಲ್ಲ ಅಂತ ಅಲ್ಲ, ಮನೆಯಲ್ಲಿ ಆಗುವುದಿಲ್ಲ. ಹೆಣ್ಣಾದರೂ ಅದು ಮೊಟ್ಟೆ ಬಿಡಲು ಸಮುದ್ರದ ಉಪ್ಪು ಬೇಕು, ಮರಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಂತ ಆಹಾರ ಬೇಕು, ಸ್ವಲ್ಪ ದೊಡ್ಡದಾದ ಕೂಡಲೇ ಒಂದನ್ನೊಂದು ನುಂಗುತ್ತವೆ. ಹಿನ್ನೀರಿನ ಮೀನು ಸಾಕಣೆಯ ಸಂಶೋಧನೆ ಮಾಡುವ ಚೆನ್ನೈಯ ಸಿಬಾ ಸಂಸ್ಥೆಯವರಿಗೆ ಸೆರೆಯಲ್ಲಿ ಇದರ ಮರಿ ಮಾಡುವುದು ಕೈಗೂಡಿದ್ದೇ 1997ರಲ್ಲಿ. ಅವರೂ ದೊಡ್ಡ ತಾಯಿ ಮೀನುಗಳನ್ನು ವರ್ಷಗಟ್ಟಲೆ ಸಾಕಿ, ಮೊಟ್ಟೆ ಬಲಿತಾಗ ಮೆದುಳಿನ ಹಾರ್ಮೋನಿನ ಹಾಗೇ ಕೆಲಸ ಮಾಡುವ ಇಂಜೆಕ್ಷನ್ ಕೊಡುತ್ತಾರೆ. ಮುರುವಿಗಾದರೆ ಕಷ್ಟ ಗಂಡಿನದ್ದು. ಗಂಡು ಬೇಕಾದರೆ ತೀರಾ ದೊಡ್ಡ ಮೀನು ಹುಡುಕಬೇಕು. ಅದಕ್ಕೇ ಹ್ಯಾಚರಿಗಳಲ್ಲಿ ಕೆಲವು ಹೆಣ್ಣುಗಳಿಗೆ ಮೀಥೈಲ್ ಟೆಸ್ಟೊಸ್ಟಿರೋನ್ ಕೊಟ್ಟು ಬೇಗ ಗಂಡು ಮಾಡಿಕೊಳ್ಳುತ್ತಾರೆ. ಕೊಡುವುದು ನಿಲ್ಲಿಸಿದರೆ ಅವು ವಾಪಸ್ ಹೆಣ್ಣಾಗುವುದೂ ಉಂಟು.

ಕಡಪ್ಪುರದ ಅಕ್ಕ:
ಅಲ್ಲ ಮಗಳೇ, ಒಂದು ಕೇಳುತ್ತೇನೆ. ದೊಡ್ಡ ಮುರು ಎಲ್ಲ ಗಂಡು, ನಾವು ಹಿಡಿಯುವುದು ದೊಡ್ಡದನ್ನೇ. ರೇಟು ಅದಕ್ಕೇ. ಗಂಡೆಲ್ಲ ಮುಗಿದರೆ?

ಮುಳ್ಳೇರಿಯದ ಹುಡುಗಿ:
ಅಮೆರಿಕದ ಮೆಕ್ಸಿಕೊ ಕೊಲ್ಲಿಯಲ್ಲಿ ಅದೇ ಆಯಿತಕ್ಕ. ಗ್ಯಾಗ್ ಅಂತ ಒಂದು ಮುರು ಉಂಟು. 1970ರ ದಶಕದಲ್ಲಿ ನೂರರಲ್ಲಿ 17ರಷ್ಟು ಗಂಡು ಇದ್ದದ್ದು, 1990ರ ದಶಕದ ಆರಂಭಕ್ಕೆ ಎರಡರ ಹತ್ತಿರ ಬಂತು. ಹೆಣ್ಣು ಬದಲಾಗಿ ಸ್ಥಾನ ತುಂಬುತ್ತದೆ ನಿಜ, ಆದರೆ ಬದಲಾಗಲು ಬೇಕಾದಷ್ಟು ದೊಡ್ಡದಾಗುವ ಮೊದಲೇ ಹಿಡಿದರೆ ತುಂಬುವುದು ಯಾರು? ಕಾಳಾಂಜಿಯಲ್ಲಾದರೆ ದೊಡ್ಡವು ಹಿಡಿದಷ್ಟೂ ತಾಯಂದಿರು ಹೋದರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಅದಕ್ಕೇ 58 ಸೆಂಟಿಮೀಟರಿಗಿಂತ ಸಣ್ಣದನ್ನೂ ಹಿಡಿಯುವ ಹಾಗಿಲ್ಲ, 120ಕ್ಕಿಂತ ದೊಡ್ಡದನ್ನೂ ಹಿಡಿಯುವ ಹಾಗಿಲ್ಲ. ನಮ್ಮ ಕೇರಳದಲ್ಲಿ 2015ರಿಂದ ಸಣ್ಣ ಮೀನು ಹಿಡಿಯಬಾರದು ಅಂತ ಗಾತ್ರದ ನಿಯಮ ಬಂದಿದೆ, ಎರಡು ವರ್ಷದ ಮೇಲೆ ಅದನ್ನು 58 ಜಾತಿಗೆ ವಿಸ್ತರಿಸಿದರು. ಅದು ಕನಿಷ್ಠ ಗಾತ್ರ. ದೊಡ್ಡದನ್ನು ಬಿಡಿ ಅನ್ನುವ ಕಾನೂನು ಅದರಲ್ಲಿಲ್ಲ.

ಕಡಪ್ಪುರದ ಅಕ್ಕ:
ದೊಡ್ಡದು ಬಲೆಗೆ ಬಿದ್ದ ಮೇಲೆ ವಾಪಸ್ ಬಿಡುವವನನ್ನು ನಾನು ಈ ಕಡಪ್ಪುರದಲ್ಲಿ ನೋಡಿಲ್ಲ. ನೋಡಿದರೆ ಹೇಳುತ್ತೇನೆ.

ಶಿರಿಯ ಹೊಳೆಬದಿ:
ರಾತ್ರಿ ಭಾವನಿಗೆ ಇಷ್ಟೂ ಓದಿ ಹೇಳಿದೆ. ತಿಲಾಪಿಯಾ ಬಂದಲ್ಲಿ ತಲೆ ತುರಿಸಿಕೊಂಡ, ಮಹಿಷಾಸುರ ಬಂದಲ್ಲಿ ಜೋರು ನಕ್ಕ. ಕೊನೆಗೆ ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಅಲ್ಲ ಭಾವ, ಅವನಿಗೆ ಅಷ್ಟು ಬೈದುಬಿಟ್ಟೆನಲ್ಲ" ಅಂದ. ನಾಳೆ ಬೆಳಿಗ್ಗೆ ಫೋನ್ ಮಾಡುತ್ತಾನಂತೆ. ಮಳೆಗಾಲ ಕಳೆದ ಮೇಲೆ ಮರಿ ಬೇಕಲ್ಲ, ಬೇರೆ ಯಾರೂ ಈ ರೇಟಿಗೆ ಕೊಡುವುದಿಲ್ಲ.